ಮುಂಗಡ ಕೊಡುವ ಮುನ್ನ ವ್ಯಾನಿನ ಅಡಿ ನೋಡಿ

ಬ್ರಿಟನ್ನಿನಲ್ಲಿ ಕ್ಯಾಂಪರ್‌ವ್ಯಾನ್ ಮಾಡಿಸಲು ಹೋದವರಿಗೆ ವರ್ಕ್‌ಶಾಪಿನವರು ಮೊದಲು ತೋರಿಸುವುದು ಮಡಚುವ ಹಾಸಿಗೆ, ಪುಟ್ಟ ಒಲೆ, ಮೇಲೇಳುವ ಚಾವಣಿ. ನೋಡಿದರೆ ಆಸೆಯಾಗುವುದು ಸಹಜ. ಮಿಲ್ಟನ್ ಕೀನ್ಸ್‌ನಿಂದ ಹೊರಟು ವಾರಾಂತ್ಯಗಳಲ್ಲಿ ಹಲವು ವರ್ಕ್‌ಶಾಪ್ ಸುತ್ತಿದ ಮೇಲೆ ನಾನು ಹೇಳುವ ಮಾತು ಇಷ್ಟೇ: ಕಂಪನಿ ನಿಮ್ಮ ಹಣವನ್ನು ಯಾವಾಗ, ಯಾವ ರೀತಿ ಕೇಳುತ್ತದೆ ಎಂಬುದನ್ನು ಮೊದಲು ನೋಡಿ. ಕಪಾಟಿನ ಬಣ್ಣ ಆಮೇಲೆ ಆರಿಸಿದರಾಯಿತು.

ಒಂದು ಕಡೆ ಅರ್ಧ ಹಣವನ್ನು ಬ್ಯಾಂಕ್ ವರ್ಗಾವಣೆಯಲ್ಲಿ ಮುಂಚಿತವಾಗಿ ಕೊಟ್ಟರೆ ರಿಯಾಯಿತಿ ಎಂದರು. ನಮ್ಮ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅಷ್ಟು ದಿನ ಆ ಹಣ ನಾವು ಕಂಪನಿಗೆ ಕೊಟ್ಟ ಭದ್ರತೆಯಿಲ್ಲದ ಸಾಲ. ಕಂಪನಿ ಮುಳುಗಿದರೆ ಅಡಮಾನ ಹಿಡಿದ ಬ್ಯಾಂಕು, ನೌಕರರ ಬಾಕಿ, ತೆರಿಗೆ ಇಲಾಖೆ ಎಲ್ಲ ಮುಗಿದ ಮೇಲೆ ಉಳಿದರೆ ಮಾತ್ರ ನಮ್ಮ ಪಾಲು. ನಾವು ಒಪ್ಪಲಿಲ್ಲ.

ಇಲ್ಲಿ ಗ್ರಾಹಕನ ಕೈಹಿಡಿಯುವುದು 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್. ಕೊಂಡದ್ದರ ಬೆಲೆ 100 ಪೌಂಡ್‌ಗಿಂತ ಹೆಚ್ಚಿದ್ದು 30,000 ಪೌಂಡ್ ಮೀರದಿದ್ದರೆ, ಅದರ ಒಂದು ಭಾಗವನ್ನಷ್ಟೇ ಕ್ರೆಡಿಟ್ ಕಾರ್ಡಿನಲ್ಲಿ ನೇರವಾಗಿ ಮಾರಾಟಗಾರನಿಗೆ ಕೊಟ್ಟಿದ್ದರೂ ಕಾರ್ಡ್ ಕಂಪನಿ ಪೂರ್ತಿ ವ್ಯವಹಾರಕ್ಕೆ ಹೊಣೆಯಾಗುತ್ತದೆ. ಡೆಬಿಟ್ ಕಾರ್ಡಿಗೆ ಈ ಕಾಯ್ದೆಯ ರಕ್ಷಣೆಯಿಲ್ಲ. ಸಿದ್ಧವಾದ ಕ್ಯಾಂಪರ್‌ವ್ಯಾನನ್ನು 45,000 ಪೌಂಡಿಗೆ ಕೊಂಡರೆ ಮಿತಿ ದಾಟಿಹೋಗುತ್ತದೆ. ಅದಕ್ಕೇ ನಾವು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಒಂದನ್ನು ಬೇರೆಯಾಗಿ ಕೊಂಡು, ಒಳಾಂಗಣದ ಕೆಲಸಕ್ಕೆ ಪ್ರತ್ಯೇಕ ಕರಾರು ಮಾಡಿಕೊಂಡು, ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟೆವು. ಇನ್ನೊಂದು ಲಾಭವೂ ಉಂಟು: ವರ್ಕ್‌ಶಾಪಿಗೆ ಬೀಗ ಬಿದ್ದರೂ ವ್ಯಾನ್ ನಮ್ಮದೇ. ಅದಕ್ಕೆ ಖರೀದಿಯ ರಸೀದಿ ಜೋಪಾನವಾಗಿರಬೇಕು. ವಿ5ಸಿ ನೋಂದಣಿ ಪತ್ರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ.

ವ್ಯಾನ್ ಹುಡುಕುವಾಗ ಜಾಹೀರಾತಿನ ಬೆಲೆಯ ಪಕ್ಕ ವ್ಯಾಟ್ ಪ್ರತ್ಯೇಕ ಎಂದಿದೆಯೇ ನೋಡಿ. ಶೇ 20 ಸೇರಿದರೆ 20,000 ಪೌಂಡಿನದು 24,000 ಆಗುತ್ತದೆ, ಮನೆ ಬಳಕೆಗೆ ಕೊಳ್ಳುವವರಿಗೆ ಅದು ವಾಪಸು ಸಿಗದು. ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಹಳೆಯ ಎಂಒಟಿ (ವಾರ್ಷಿಕ ಸುಸ್ಥಿತಿ) ತಪಾಸಣೆಗಳ ದಾಖಲೆ ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ತುಕ್ಕಿನ ಬಗ್ಗೆ ವರ್ಷವರ್ಷವೂ ಷರಾ ಬಿದ್ದಿದ್ದರೆ ಆ ವ್ಯಾನ್ ಬೇಡ. ಡೀಸೆಲ್ ವ್ಯಾನ್ ಆದರೆ ಹೊಗೆಯ ಮಟ್ಟ ಯೂರೋ 6 ಇರಲಿ. ಇಲ್ಲದಿದ್ದರೆ ಲಂಡನ್ನಿನ ನೆಂಟರ ಮನೆಗೆ ಹೋದಾಗಲೆಲ್ಲ ದಿನಕ್ಕೆ 12.50 ಪೌಂಡ್ ಯುಲೆಝ್ ಮಾಲಿನ್ಯ ಶುಲ್ಕ.

ದೊಡ್ಡ ವ್ಯಾನ್ ಬಯಸುವವರು ತೂಕವನ್ನೂ ಲೆಕ್ಕ ಹಾಕಬೇಕು. 1997ರ ಜನವರಿಯಿಂದೀಚೆಗೆ ಇಲ್ಲಿ ಕಾರಿನ ಪರೀಕ್ಷೆ ಪಾಸಾದವರು, ಅಂದರೆ ನನ್ನ ಪರಿಚಯದ ಕನ್ನಡಿಗರಲ್ಲಿ ಬಹುತೇಕರು, ಆ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ 3,500 ಕಿಲೋ ತನಕದ ವಾಹನ ಓಡಿಸಬಹುದು. ಈ ಮಿತಿಯಲ್ಲಿ ತುಂಬಿದ ನೀರೂ ಸೇರುತ್ತದೆ: ನೂರು ಲೀಟರ್ ಎಂದರೆ ನೂರು ಕಿಲೋ. ಕೆಲಸ ಮುಗಿದ ಮೇಲೆ ವ್ಯಾನನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕದ ಚೀಟಿ ಕೊಡುತ್ತೀರಾ ಎಂದು ಕೇಳಿ.

ನಾವು ಕೊನೆಗೆ ಒಪ್ಪಿದ ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಅರ್ಧ ಮುಗಿದಿದ್ದ ವ್ಯಾನೊಂದನ್ನು ಮೇಲಕ್ಕೆತ್ತಿ, ಕೆಳಗೆ ನಮ್ಮನ್ನು ನಿಲ್ಲಿಸಿ ಟಾರ್ಚ್ ಬಿಟ್ಟ. ಹಿಂದಿನ ಆಸನದ ಬೋಲ್ಟುಗಳು ನೆಲದ ತಗಡನ್ನು ಹಾದು ಕೆಳಗೆ ದಪ್ಪ ಉಕ್ಕಿನ ಪಟ್ಟಿಗಳಿಗೆ ಬಿಗಿದಿದ್ದವು. ಸುತ್ತ ತುಕ್ಕು ಹಿಡಿಯದಂತೆ ಲೇಪನ. ಆಮೇಲೆ ಕಡತ ತೆಗೆದು, ಅದೇ ಮಾದರಿಯ ವ್ಯಾನಿನಲ್ಲಿ ಅದೇ ಆಸನವನ್ನೂ ಬೆಲ್ಟನ್ನೂ ಪ್ರಯಾಣಿಕರ ಕಾರುಗಳಿಗಿರುವ ಎಂ1 ಮಟ್ಟಕ್ಕೆ ಎಳೆದು ಪರೀಕ್ಷಿಸಿದ ವರದಿ ತೋರಿಸಿದ. ಹಿಂದೆ ನೋಡಿದ ಇನ್ನೊಂದು ಕಡೆ ಆಸನ ಅಗ್ಗವಿತ್ತು, ಚಂದವೂ ಇತ್ತು, ಆದರೆ ಕಾಗದ ಇರಲಿಲ್ಲ. ನಮ್ಮ ಮಕ್ಕಳು ಮೋಟಾರ್‌ವೇಯಲ್ಲಿ ಕೂರುವುದು ಆ ಆಸನದ ಮೇಲೆ. ಇಡೀ ಲೆಕ್ಕದಲ್ಲಿ ಚೌಕಾಸಿ ಮಾಡಬಾರದ ಬಾಬ್ತು ಇದೊಂದೇ ಎಂದು ನನ್ನ ಅಭಿಪ್ರಾಯ.

ಗ್ಯಾಸ್ ಒಲೆ ಇಡಿಸಿದರೆ ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ನೋಂದಣಿಯಲ್ಲಿ ‘ಮೋಟಾರ್ ಕ್ಯಾರವಾನ್’ ಎಂದು ಬದಲಿಸಿಕೊಡುವ ಭರವಸೆಯನ್ನು ಯಾವ ಕಂಪನಿ ಕೊಟ್ಟರೂ ನಂಬಬೇಡಿ. ಆ ನಿರ್ಧಾರ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಯದು, ಅದು ವ್ಯಾನಿನ ಹೊರನೋಟವನ್ನೂ ನೋಡುತ್ತದೆ. ಕೆಲಸ ಶುರುವಾಗುವ ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ, ಬದಲಾವಣೆಗಳನ್ನೆಲ್ಲ ತಿಳಿಸಿ.

ಮುಂಗಡ ಕೊಡುವ ಮುನ್ನ ಕೆಲಸದ ಪೂರ್ತಿ ವಿವರ, ಯಾವ ಹಂತಕ್ಕೆ ಎಷ್ಟು ಹಣ, ಮುಗಿಸುವ ದಿನಾಂಕ, ಆಸನದ ಪರೀಕ್ಷಾ ವರದಿ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ, ಅವರ ಒಳಾಂಗಣ ಎಷ್ಟೇ ಸೊಗಸಾಗಿರಲಿ, ಎದ್ದು ಬನ್ನಿ.