ಪಾದುವಾದಲ್ಲಿ ಅಕ್ಕನೇ ಹಿರಿಯಳು

ತಮ್ಮಾ,

ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಇಟಲಿಗೆ ಹೋಗುವುದು ಗಟ್ಟಿಯಾಯಿತು, ವೀಸಾಕ್ಕೆ ಕಾಗದ ಹೊಂದಿಸುತ್ತಿದ್ದೇವೆ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ನಮ್ಮ ಆದವಾನಿ ಕಡೆಯ ಮಂದಿಗೆ ದುಡಿಯಲು ದೂರ ಹೋಗುವುದು ಹೊಸದಲ್ಲ. ಕೋಸಗಿ, ಕೌತಾಳ, ಹೊಳಗುಂದದ ಕಡೆ ಮನೆಗೆ ಮನೆಯೇ ಬೀಗ ಹಾಕಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಸುಗ್ಗಿಗೆ ಹೋಗುವುದನ್ನು ನೀನೇ ನೋಡಿದ್ದೀಯ. ಓದಲು ಹೋದ ಮಗಳನ್ನು ನೋಡಲು ಅಪ್ಪ, ಅವ್ವ, ತಮ್ಮ ಮೂವರೂ ವಿಮಾನ ಹತ್ತುವುದು ಮಾತ್ರ ನಮ್ಮ ಮನೆತನದಲ್ಲಿ ಇದೇ ಮೊದಲು. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ನಿಮ್ಮಪ್ಪನಿಗೆ ಹೇಳಿದರೆ 'ಅಣ್ಣ ಇನ್ನೂ ಮೇಷ್ಟ್ರುಗಿರಿ ಬಿಟ್ಟಿಲ್ಲ' ಎನ್ನುತ್ತಾನೆ. ಟಿಕೆಟ್ಟು, ಫೋನು, ಪಾಸ್‌ಪೋರ್ಟ್ ಎಲ್ಲದರ ಹೊಣೆ ನಿನ್ನದೇ ಆದ್ದರಿಂದ ನಿನಗೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಇದು ತಲೆಯಲ್ಲಿರಲಿ. ಇಲ್ಲಿ ಅಕ್ಕ ಮನೆಯ ಮಗಳು. ಅವಳು ಓದುತ್ತಿರುವ ಪಾದುವಾದಲ್ಲಿ ಮನೆ ಅವಳದು, ಊರು ಅವಳದು, ಹಿರಿತನವೂ ಅವಳದು. ಅಪ್ಪ ಅವ್ವ ಅಲ್ಲಿ ಅವಳ ಮಾತು ಕೇಳಿ ನಡೆಯಬೇಕಾಗುತ್ತದೆ. ಹುಟ್ಟಿಸಿದವರಿಗೆ ಅದು ಒಮ್ಮೆಗೇ ಒಗ್ಗುವುದಿಲ್ಲ. ಒಗ್ಗಿಸುವ ಕೆಲಸ ನಿನ್ನದು.

ಟಿಕೆಟ್ಟು ತೆಗೆಸುವ ಮುಂಚೆ ಅವಳ ಪರೀಕ್ಷೆ ಯಾವಾಗ ಎಂದು ಕೇಳು. ಅಲ್ಲಿ ಬೇಸಿಗೆಯ ಪರೀಕ್ಷೆಗಳು ಜೂನ್, ಜುಲೈನಲ್ಲಿ ಬರುತ್ತವೆ. ಎಷ್ಟೋ ವಿಷಯಗಳಿಗೆ ಪ್ರೊಫೆಸರ್ ಎದುರು ಕುಳಿತು ಬಾಯಲ್ಲೇ ಉತ್ತರ ಹೇಳಬೇಕು. ಹಿಂದಿನ ರಾತ್ರಿ ನೀವು ಹೋಗಿ ಇಳಿದರೆ ಅವಳು ಓದನ್ನು ಬದಿಗಿಟ್ಟು ಅನ್ನಕ್ಕಿಡುತ್ತಾಳೆ, 'ಪರವಾಗಿಲ್ಲ' ಎಂದೂ ಹೇಳುತ್ತಾಳೆ. ಆ ಮಾತನ್ನು ನಂಬಬೇಡ. ಇನ್ನೊಂದು, ಅಲ್ಲಿ ಅಂಕ ಕೊಡುವುದು 30ಕ್ಕೆ. 18 ಬಂದರೆ ಪಾಸು. 27 ಬಂತು ಎಂದು ಅವಳು ಹೇಳಿದಾಗ ನಿಮ್ಮಪ್ಪ ಮುಖ ಗಂಟಿಕ್ಕದಂತೆ ಇದನ್ನು ಮೊದಲೇ ತಿಳಿಸಿಬಿಡು.

ಕಾಗದಪತ್ರದ ವಿಷಯ. ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನಕ್ಕೆ ಬಿಡಬಾರದು. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದವರ ಖರ್ಚು ಬೇರೆ. ನಮ್ಮ ಕಡೆ ದೊಡ್ಡ ತೊಡಕು ಹೆಸರಿನದು. ತೆಲುಗಿನವರ ಪದ್ಧತಿಯಂತೆ ಒಂದು ಕಾಗದದಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮುಂದೆ ಬಂದಿರುತ್ತದೆ, ಇನ್ನೊಂದರಲ್ಲಿ ಊರಿನ ಹೆಸರು, ಮತ್ತೊಂದರಲ್ಲಿ ಬರೀ ಇನಿಷಿಯಲ್. ಆಧಾರ್, ಪಾಸ್‌ಪೋರ್ಟ್, ಬ್ಯಾಂಕಿನ ಪುಸ್ತಕ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡು. ತೆಲುಗಿನಲ್ಲಿರುವ ಜಮೀನಿನ ಪಟ್ಟಾದಾರ್ ಪಾಸ್‌ಬುಕ್ ಕೊಡುವುದಾದರೆ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಡು.

ಮಂಡಿಯವರ ಹತ್ತಿರ ಹದಿನೈದು ದಿನದ ಮಟ್ಟಿಗೆ ಕೈಗಡ ತಂದು ಖಾತೆ ತುಂಬಿಸಿ ತೋರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಅಕ್ಕನಿಗೆ ವಿದ್ಯಾರ್ಥಿವೇತನ ಸಿಕ್ಕಿರುವುದು ಮನೆಯ ಆದಾಯ, ಆಸ್ತಿಯ ಲೆಕ್ಕದ ಮೇಲೆ. ಅವಳು ಅಲ್ಲಿ ಕೊಟ್ಟ ಆದಾಯದ ಪತ್ರ, ನೀವು ಇಲ್ಲಿ ವೀಸಾಕ್ಕೆ ಕೊಡುವ ಪತ್ರ ಎರಡೂ ಒಂದೇ ಮಾತು ಹೇಳಬೇಕು. ಇಲ್ಲಿ ಸಾಹುಕಾರ, ಅಲ್ಲಿ ಬಡವ ಎಂದು ತೋರಿಸಹೋದರೆ ಪೆಟ್ಟು ಬೀಳುವುದು ಅವಳ ಓದಿಗೆ.

ವಿಮೆಯನ್ನು ಬರೀ ವೀಸಾಕ್ಕಾಗಿ ಮಾಡಿಸುವ ಶಾಸ್ತ್ರ ಎಂದುಕೊಳ್ಳಬೇಡ. ಕನಿಷ್ಠ 30,000 ಯೂರೋ ಚಿಕಿತ್ಸೆಯ ಖರ್ಚು ಭರಿಸುವ ವಿಮೆ ಇರಲೇಬೇಕೆಂಬ ನಿಯಮವಿದೆ. ಅಪ್ಪನ ಬಿಪಿ, ಅವ್ವನ ಸಕ್ಕರೆ ಕಾಯಿಲೆ ಎರಡನ್ನೂ ಮುಚ್ಚಿಡದೆ ಬರೆಸು. ಮಾತ್ರೆ ಪೂರ್ತಿ ಪ್ರಯಾಣಕ್ಕೆ ಸಾಲುವಷ್ಟು ಇರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೊಲ್ಲಾಪುರದ ಛತ್ರಪತಿ ರಾಜಾರಾಮ ಇಂಗ್ಲೆಂಡ್ ನೋಡಿ ತಿರುಗಿ ಬರುವಾಗ 1870ರ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಇಪ್ಪತ್ತು ವರ್ಷದ ಹುಡುಗ, ಸಂಸ್ಥಾನದ ದೊರೆ. ಆರ್ನೊ ನದಿಗೆ ಇನ್ನೊಂದು ಹೊಳೆ ಬಂದು ಸೇರುವ ಕಡೆ ಅವನ ದಹನ ಮಾಡಿದರು. ಅಲ್ಲಿಯ ಉದ್ಯಾನದಲ್ಲಿ ಅವನ ಸ್ಮಾರಕ ಈಗಲೂ ಇದೆ. ಪಾದುವಾದಿಂದ ಫ್ಲಾರೆನ್ಸ್‌ಗೆ ರೈಲಿದೆ. ಹೋದರೆ ಒಂದು ಗಳಿಗೆ ಅಲ್ಲಿ ನಿಂತು ಕೈಮುಗಿದು ಬಾ. ಆಳುಕಾಳು ಕಟ್ಟಿಕೊಂಡು ಹೋದ ದೊರೆಗೂ ದೂರದ ಊರಿನಲ್ಲಿ ಮೈ ಕೈಕೊಟ್ಟಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವ ನೀನು ಅವರ ದಣಿವನ್ನು ಅವರ ಬಾಯಿಂದ ಕೇಳಲು ಕಾಯಬೇಡ, ಮುಖ ನೋಡಿ ತಿಳಿದುಕೋ.

ಗಂಟುಮೂಟೆಯ ಜವಾಬ್ದಾರಿ ಅವ್ವನಿಗೆ ಬಿಟ್ಟರೆ ಅರ್ಧ ಆದವಾನಿ ಬ್ಯಾಗಿನಲ್ಲಿರುತ್ತದೆ. ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ಒಯ್ಯುವಂತಿಲ್ಲ. ತುಪ್ಪ, ಪೇಡೆ, ಖೋವಾದ ಸಿಹಿ ಎಲ್ಲ ಇಲ್ಲೇ ಉಳಿಯಲಿ. ಹಸಿ ಕರಿಬೇವು, ಮಾವಿನಹಣ್ಣಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದರ ಗೋಜು ಬೇಡ. ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ. ಉಗ್ಗಾಣಿಗೆ ಮಂಡಕ್ಕಿ ಒಂದು ಪೊಟ್ಟಣ ಇರಲಿ. ಬಜ್ಜಿಗೆ ಮೆಣಸಿನಕಾಯಿ ಅಲ್ಲೇ ಸಿಗುತ್ತದೆ. ಅಕ್ಕನ ಗೆಳತಿಯರಿಗೂ ಒಂದು ಪಾಲು ಹೆಚ್ಚಿಗೆ ಕಟ್ಟಿಸು. ನಮ್ಮ ಹುಡುಗಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ಅವರು.

ಈಗ ನಾಜೂಕಿನ ಮಾತು. 'ನನ್ನ ರೂಮಿನಲ್ಲಿ ಎಲ್ಲರೂ ಇರಲು ಆಗುವುದಿಲ್ಲ, ಹತ್ತಿರದಲ್ಲೇ ಒಂದು ರೂಮು ಹಿಡಿದಿದ್ದೇನೆ' ಎಂದು ಅವಳು ಹೇಳಬಹುದು. ನಿಮ್ಮವ್ವನಿಗೆ ಎದೆಗೆ ಚುಚ್ಚಿದಂತಾಗುತ್ತದೆ. ಹೆತ್ತ ಮಗಳ ಮನೆಗೆ ಹೋಗಿ ಬೇರೆ ಕಡೆ ಮಲಗುವುದೇ ಎನ್ನುತ್ತಾಳೆ. ಅಲ್ಲಿಯ ರೀತಿ ಬೇರೆ ಎಂದು ತಿಳಿಸಿ ಹೇಳು. ನಾಲ್ಕು ಹುಡುಗಿಯರು ಕೂಡಿ ಹಿಡಿದ ಮನೆ. ಅಡುಗೆಮನೆ ಒಂದೇ, ಬಚ್ಚಲು ಒಂದೇ. ಹೊರದೇಶದವರನ್ನು ಮನೆಯಲ್ಲಿ ಉಳಿಸಿಕೊಂಡರೆ 48 ಗಂಟೆಯೊಳಗೆ ಪೊಲೀಸರಿಗೆ ಬರಹದಲ್ಲಿ ತಿಳಿಸಬೇಕೆಂಬ ಕಾನೂನೂ ಇದೆ. ಹೆತ್ತವರು ಎಂದು ವಿನಾಯಿತಿ ಇಲ್ಲ. ಅವಳ ಮನೆಗೆ ಹೋದಾಗ ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ, ರಾತ್ರಿ ಹತ್ತರ ಮೇಲೆ ದನಿ ತಗ್ಗಿಸಿರಿ. ನೀವು ಹಿಂತಿರುಗಿದ ಮೇಲೂ ಆ ಹುಡುಗಿಯರ ಜೊತೆ ಬಾಳಬೇಕಾದವಳು ಅವಳು.

ದುಡ್ಡಿನ ಮಾತೂ ಹಾಗೇ. ಒಂದು ಯೂರೋ ಎಂದರೆ ನೂರು ರೂಪಾಯಿಯ ಆಸುಪಾಸು. ಕಾಫಿ ಕುಡಿದಾಗ, ಬಸ್ಸು ಹತ್ತಿದಾಗ, ಅವ್ವ ಬಾಯಿಲೆಕ್ಕ ಹಾಕಿ 'ಅಯ್ಯೋ' ಎನ್ನುತ್ತಾಳೆ. ಪ್ರತಿ 'ಅಯ್ಯೋ' ಅಕ್ಕನಿಗೆ ತನ್ನ ಓದಿನ ಖರ್ಚನ್ನು ಹಂಗಿಸಿದಂತೆ ಕೇಳುತ್ತದೆ. ವಿದ್ಯಾರ್ಥಿಗಳು ಅಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಆ ಸಂಪಾದನೆಯಲ್ಲಿ ಉಳಿಸಿ ನಿಮಗೆ ಒಂದು ಊಟ ಕೊಡಿಸುತ್ತೇನೆ ಎಂದರೆ ಬೇಡ ಎನ್ನಬೇಡಿ, ಹೊಟ್ಟೆತುಂಬ ಉಣ್ಣಿರಿ. ಉಳಿದ ಕಡೆ ನೀನೇ ಮುಂದಾಗಿ ಕೊಡು. ಕಾಫಿಯನ್ನು ಕಟ್ಟೆಯ ಮುಂದೆ ನಿಂತು ಕುಡಿದರೆ ಅಗ್ಗ, ಮೇಜಿಗೆ ತರಿಸಿದರೆ ದುಬಾರಿ. ಬೀದಿಯ ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಊರೂರಿನ ರೈಲಿಗೆ ಕಾಗದದ ಟಿಕೆಟ್ಟು ತೆಗೆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸು, ಮರೆತರೆ ದಂಡ.

ಭಾಷೆಗೆ ನಾವು ಹೆದರುವ ಮಂದಿಯಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳನ್ನು ಬಳ್ಳಾರಿ ಜಿಲ್ಲೆಯಿಂದ ತೆಗೆದು ಆಂಧ್ರಕ್ಕೆ ಸೇರಿಸಿದರು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕಿದವರು ನಾವು. ಅಕ್ಕ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ತೆಲುಗಿನಲ್ಲಿ ಅರ್ಜಿ ಬರೆದು, ಇಂಗ್ಲಿಷಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ಇಟಾಲಿಯನ್ ಕಲಿಯುತ್ತಿದ್ದಾಳೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಅವಳು ತಡವರಿಸಿಕೊಂಡು ಆ ಭಾಷೆ ಆಡುವಾಗ ನೀನು ನಡುವೆ ಇಂಗ್ಲಿಷ್ ತೂರಿಸಬೇಡ. ಅವಳಿಗೆ ಸಮಯ ಕೊಡು. ಬಾಗಿಲು ದಾಟಿದ ಕೂಡಲೇ 'ಬೊಂಜೋರ್ನೊ' ಎಂದು ನಮಸ್ಕಾರ ಹೇಳುವಷ್ಟನ್ನು ಅಪ್ಪನಿಗೂ ಕಲಿಸು.

ರೋಮ್, ವೆನಿಸ್, ಪೀಸಾ ಎಲ್ಲವನ್ನೂ ವಾರದಲ್ಲಿ ಮುಗಿಸುವ ಪಟ್ಟಿ ಮಾಡಿದ್ದೀಯ ಎಂದು ಕೇಳಿದೆ. ಅರ್ಧ ಹೊಡೆದು ಹಾಕು. ಪಾದುವಾದಲ್ಲಿ ನಿಲ್ಲಿರಿ. ಅದು 1222ರಿಂದ ನಡೆದು ಬಂದ ವಿಶ್ವವಿದ್ಯಾಲಯದ ಊರು. ಗೆಲಿಲಿಯೊ 1592ರಿಂದ 18 ವರ್ಷ ಪಾಠ ಹೇಳಿದ್ದು ಅಲ್ಲಿ. ಹಳೆಯ ಕಟ್ಟಡದ ಅಂಗಳದಲ್ಲಿ ಮೆಟ್ಟಿಲ ಬುಡಕ್ಕೆ ಒಬ್ಬ ಹೆಣ್ಣುಮಗಳ ಪ್ರತಿಮೆಯಿದೆ: ಎಲೆನಾ ಕೊರ್ನಾರೊ ಪಿಸ್ಕೋಪಿಯಾ. ಧರ್ಮಶಾಸ್ತ್ರದಲ್ಲಿ ಪದವಿ ಕೊಡಿ ಎಂದು ಕೇಳಿದಳು, ಹೆಣ್ಣಿಗೆ ಕೊಡಲಾಗದು ಎಂದು ಬಿಷಪ್ ಅಡ್ಡ ಬಂದ. ಕೊನೆಗೆ 1678ರಲ್ಲಿ ತತ್ವಶಾಸ್ತ್ರದ ಡಾಕ್ಟರ್ ಪದವಿ ಪಡೆದಳು. ಆಗ ನಮ್ಮ ಆದವಾನಿ ಬಿಜಾಪುರದ ಸರದಾರ ಸಿದ್ದಿ ಮಸೂದನ ಕೈಯಲ್ಲಿತ್ತು. ರಾಯರು ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸಿ ಏಳು ವರ್ಷವಾಗಿತ್ತು. ಅಪ್ಪನನ್ನು ಆ ಪ್ರತಿಮೆಯ ಮುಂದೆ ನಿಲ್ಲಿಸಿ ಈ ಕಥೆ ಹೇಳು.

ಅವ್ವನಿಗೆ ಸಂತ ಅಂತೋನಿಯ ದೊಡ್ಡ ಇಗರ್ಜಿ ತೋರಿಸು. ಜನ ಸಾಲಿನಲ್ಲಿ ಬಂದು ಸಮಾಧಿಯ ಕಲ್ಲಿಗೆ ಅಂಗೈ ಒತ್ತಿ ಹರಕೆ ಹೇಳಿಕೊಳ್ಳುತ್ತಾರೆ. ಮಂತ್ರಾಲಯದ ಸಾಲಿನಲ್ಲಿ ನಿಂತವಳಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಸೀರೆಯುಟ್ಟ ಅವ್ವನಿಗಿಂತ ಚಡ್ಡಿ ಹಾಕುವ ನಿನಗೆ ಆ ಮಾತು. ಜೊತ್ತೊ ಚಿತ್ರ ಬರೆದ ಸ್ಕ್ರೊವೆನ್ಯಿ ಗುಡಿಗೆ ಮುಂಗಡ ಬುಕಿಂಗ್ ಬೇಕು, ಒಳಗೆ ಬಿಡುವುದು ಕಾಲು ಗಂಟೆಯ ಆಸುಪಾಸು. ಅದನ್ನು ಇಲ್ಲಿಂದಲೇ ಮಾಡಿಕೋ.

ವೆನಿಸ್‌ಗೆ ಹೋದ ದಿನ ಹತ್ತಿರದ ಕಿಯೊಜ್ಜಾ ಎಂಬ ಬೆಸ್ತರ ಊರನ್ನು ನೆನೆ. ನಿಕೊಲೊ ಕೋಂಟಿ ಎಂಬ ವರ್ತಕ ಆ ಊರಿನವನು. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ. ನಮ್ಮ ಆದವಾನಿ ಕೋಟೆ ಆಗ ಅದೇ ರಾಜ್ಯದ್ದು. ಅವನು ಊರಿಗೆ ಮರಳಿ ಹೇಳಿದ್ದನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬರೆದಿಟ್ಟ. ಅದರಲ್ಲಿ ಗೋಡೆ, ಕೋಟೆಯ ಜೊತೆಗೆ ನಮ್ಮವರು ಹಬ್ಬದಲ್ಲಿ ದೀಪ ಹಚ್ಚಿದ್ದು, ದಾರಿಯಲ್ಲಿ ಹೋಗುವವರ ಮೇಲೆಲ್ಲ ಕೇಸರಿ ನೀರು ಎರಚಿದ್ದು ಇದೆ. ಜನ ಹೇಗೆ ಬದುಕಿದರು ಎಂದು ಅವನು ನೋಡಿದ್ದರಿಂದ ಆರುನೂರು ವರ್ಷದ ಮೇಲೂ ನಾವು ಅದನ್ನು ಓದುತ್ತೇವೆ. ನೀನೂ ಹಾಗೆ ನೋಡು. ಅಕ್ಕ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾಳೆ, ಯಾವ ಅಂಗಡಿಯವನು ಅವಳ ಹೆಸರು ಹಿಡಿದು ಕರೆಯುತ್ತಾನೆ, ರಾತ್ರಿ ಲೈಬ್ರರಿಯಿಂದ ಯಾವ ದಾರಿಯಲ್ಲಿ ಸೈಕಲ್ ತುಳಿದು ಬರುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ. ಒಂದು ದಿನ ಅವಳ ಜೊತೆ ಕಾಲೇಜಿಗೂ ಸಂತೆಗೂ ಹೋಗಿ ಬಾ. ಆ ದಿನ ಫೋಟೋ ತೆಗೆದು ಸ್ಟೇಟಸ್ ಹಾಕುವುದನ್ನು ಬಿಡು. ಹಾಕುವುದಿದ್ದರೂ ಅವಳನ್ನು ಕೇಳಿ ಹಾಕು.

ಮದುವೆಯ ಮಾತು ಬೇಡ. ನಿಮ್ಮ ಅತ್ತೆ ಒಂದು ಜಾತಕ ಕೊಟ್ಟು ಕಳಿಸುತ್ತಾಳೆ, ನನಗೆ ಗೊತ್ತು. ಅಕ್ಕ ಎರಡು ವರ್ಷ ಕಾದಿದ್ದು ನಿಮ್ಮನ್ನು ತನ್ನ ಮೇಜಿನ ಸುತ್ತ ಕೂರಿಸಿ ತನ್ನ ಕೈಯಡುಗೆ ಬಡಿಸಲು. ಆ ಮೇಜಿನ ಮೇಲೆ ಜಾತಕ ಇಟ್ಟರೆ ಉಳಿದ ದಿನಗಳೆಲ್ಲ ವಾದಕ್ಕೇ ಹೋಗುತ್ತವೆ. ಅವ್ವ ಬಾಯಿ ತೆರೆದಾಗ ಮಾತು ತಿರುಗಿಸುವ ವಿದ್ಯೆ ನಿನಗೆ ಚೆನ್ನಾಗಿ ಬರುತ್ತದೆ, ಅದನ್ನು ಅಲ್ಲಿ ಬಳಸು.

ತಿರುಗಿ ಬಂದ ಮೇಲೆ ಜನ ಕೇಳಿಕೊಂಡು ಬರುತ್ತಾರೆ. ಹೆಣ್ಣುಮಗಳನ್ನು ಇಂಟರ್‌ಗೆ ನಿಲ್ಲಿಸಬೇಕೆಂದಿರುವ ಅಪ್ಪಂದಿರು ಅವರಲ್ಲಿ ಇರುತ್ತಾರೆ. ಸುಗ್ಗಿಗೆ ಹೊರಟ ಮನೆಗಳಲ್ಲಿ ಮೊದಲು ಶಾಲೆ ಬಿಡುವುದು ಹುಡುಗಿಯೇ ಎಂಬುದು ನಿನಗೆ ಗೊತ್ತಿದೆ. ಅವರಿಗೆ ಪೀಸಾದ ವಾಲಿದ ಗೋಪುರದ ಫೋಟೋ ತೋರಿಸಿ ಕಳಿಸಬೇಡ. ಎಷ್ಟು ಖರ್ಚಾಯಿತು, ಎಷ್ಟು ವಿದ್ಯಾರ್ಥಿವೇತನ ಬರುತ್ತದೆ, ಅರ್ಜಿ ಯಾವಾಗ ಹಾಕಬೇಕು, ಏನು ಕಷ್ಟವಿದೆ, ಹುಡುಗಿ ಅಲ್ಲಿ ಒಬ್ಬಳೇ ಹೇಗೆ ಇರುತ್ತಾಳೆ, ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳು. ಬಣ್ಣ ಕಟ್ಟಿ ಹೇಳಿದರೆ ಅವರು ನಂಬುವುದಿಲ್ಲ. ಕಷ್ಟವನ್ನೂ ಸೇರಿಸಿ ಲೆಕ್ಕ ಒಪ್ಪಿಸಿದರೆ ಕೂತು ಕೇಳುತ್ತಾರೆ. ಅವರಲ್ಲಿ ಒಬ್ಬ ಮಗಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಎಂದು ತಿಳಿದರೆ ನನಗೆ ಹೇಳಿ ಕಳಿಸು. ಅವರ ಕಾಗದಪತ್ರದ ಹೆಸರುಗಳನ್ನು ಹೋಲಿಸಿ ನೋಡುವ ಕೆಲಸ ನಾನು ಮಾಡಿಕೊಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ