ನಳಿಗೆ ಉದ್ದವಾದಷ್ಟೂ ಗುಂಡಿನ ವೇಗ ಹೆಚ್ಚುತ್ತದೆಯೇ?

(9ನೆಯ ತರಗತಿ, ವಿಜ್ಞಾನ. ಅಧ್ಯಾಯ: ಕೆಲಸ ಮತ್ತು ಶಕ್ತಿ. ಎರಡು ಅವಧಿಗಳ ಪಾಠ. ಬೋಧನಾಭ್ಯಾಸದ ಊರು: ಸುಳ್ಳ)

ಕೆಲಸವೆಂದರೆ ಬಲ ಮತ್ತು ಸ್ಥಾನಪಲ್ಲಟಗಳ ಗುಣಲಬ್ಧ ಎಂಬುದನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಆ ಲೆಕ್ಕ ನೇರವಾಗಿ ಹೊಂದಬೇಕಾದರೆ ಬಲ ಕೊನೆಯವರೆಗೂ ಒಂದೇ ಆಗಿರಬೇಕು ಎಂಬ ಷರತ್ತು ಅವರ ಗಮನಕ್ಕೆ ಬರುವುದಿಲ್ಲ. ಪಠ್ಯದ ಲೆಕ್ಕಗಳಲ್ಲಿ ಬಲ ಬದಲಾಗುವುದೇ ಇಲ್ಲವಾದ್ದರಿಂದ ತಪ್ಪು ಅವರದಲ್ಲ. ಬಂದೂಕಿನ ನಳಿಗೆ ಈ ಷರತ್ತನ್ನು ಚೆನ್ನಾಗಿ ಬಯಲಿಗೆಳೆಯುತ್ತದೆ.

ಪೂರ್ವಜ್ಞಾನಕ್ಕೆ ಕಷ್ಟವಿಲ್ಲ. ಜೋಳ ಹಾಲುಗಾಳಿದ್ದಾಗ ಕವಣೆ ಬೀಸಿ ಹಕ್ಕಿ ಓಡಿಸುವುದನ್ನು ಕಂಡ ಮಕ್ಕಳಿವರು. ತರಗತಿಗೆ ಬಂದೂಕಿನ ಚಿತ್ರವೂ ಬೇಡ. ವಿದ್ಯುತ್ ತಂತಿ ಹಾಯಿಸುವ ಪ್ಲಾಸ್ಟಿಕ್ ಪೈಪನ್ನು 15, 30, 60 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ ಸಾಕು. ಒಳಗೆ ಸರಿಯಾಗಿ ಕೂರುವ ಹಸಿ ಕಾಗದದ ಉಂಡೆ ಮಾಡಿ, ಪೈಪನ್ನು ಮೇಜಿನ ಅಂಚಿನಲ್ಲಿ ಅಡ್ಡಲಾಗಿ ಹಿಡಿದು, ಒಬ್ಬನೇ ವಿದ್ಯಾರ್ಥಿ ಪ್ರತಿಯೊಂದರಲ್ಲೂ ಐದು ಸಲ ಊದಲಿ. ಎತ್ತರ ಒಂದೇ ಆದ್ದರಿಂದ ಕೆಳಗೆ ಬೀಳುವ ಸಮಯವೂ ಒಂದೇ. ಉಂಡೆ ಹೋದ ದೂರವೇ ವೇಗದ ಅಳತೆ. ಎದುರಿಗೆ ಯಾರೂ ನಿಲ್ಲಬಾರದು, ಪೈಪು ಬಾಯಲ್ಲಿದ್ದಾಗ ಉಸಿರು ಒಳಗೆಳೆಯಬಾರದು. ಇದನ್ನು ಪಾಠಯೋಜನೆಯಲ್ಲೇ ಬರೆದಿಡಿ.

ಉದ್ದ ಪೈಪಿನ ಉಂಡೆ ಮುಂದೆ ಬೀಳುತ್ತದೆ. ಕಾರಣ ಕೇಳಿದರೆ "ಉದ್ದ ಪೈಪಿನ್ಯಾಗ ಉಸಿರು ಹೆಚ್ಚು ದೂರ ನೂಕ್ತೈತ್ರೀ ಸರ" ಎಂಬ ಉತ್ತರ ಬರುತ್ತದೆ. ಸರಿಯಾದ ಉತ್ತರವೇ. ಇಲ್ಲೇ ನಿಲ್ಲಿಸಿದರೆ ಮಾತ್ರ ಉದ್ದ ಇಮ್ಮಡಿಯಾದರೆ ವೇಗವೂ ಇಮ್ಮಡಿ ಎಂದು ಮಕ್ಕಳು ಮನೆಗೆ ಒಯ್ಯುತ್ತಾರೆ.

ಮುಂದಿನ ಹೆಜ್ಜೆಗೆ ನಿಜವಾದ ಅಂಕಿಗಳು ಬೇಕು. ನಮ್ಮ ಸೈನ್ಯದ ಇನ್ಸಾಸ್ ರೈಫಲ್ ಮತ್ತು ಅದೇ ಮಾದರಿಯ ಲಘು ಮಷಿನ್‌ಗನ್ ಎರಡೂ 5.56 ಮಿ.ಮೀ. ಕಾಡತೂಸನ್ನೇ ಹಾರಿಸುತ್ತವೆ. ರೈಫಲ್ಲಿನ ನಳಿಗೆ 464 ಮಿ.ಮೀ., ಗುಂಡು ಹೊರಬೀಳುವ ವೇಗ ಸೆಕೆಂಡಿಗೆ 900 ಮೀಟರ್. ಮಷಿನ್‌ಗನ್ನಿನದು 535 ಮಿ.ಮೀ. ಈ ಎರಡನೆಯದರ ವೇಗವನ್ನು ಮುಚ್ಚಿಟ್ಟು ಮಕ್ಕಳಿಂದಲೇ ಅಂದಾಜು ಮಾಡಿಸಿ.

ಉದ್ದದಷ್ಟೇ ಪಾಲಿನಲ್ಲಿ ವೇಗ ಏರುತ್ತದೆ ಎಂದರೆ 1038 ಬರುತ್ತದೆ. ಬಲ ಒಂದೇ ಎಂದು ಹಿಡಿದು ಶಕ್ತಿಯ ಲೆಕ್ಕ ಮಾಡಿದರೆ ಸುಮಾರು 966. ನಿಜವಾದ ವೇಗ 925. ಮೂರನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು. "ಉಳಿದದ್ದು ಎಲ್ಲಿ ಹೋತು?" ಎಂಬ ಪ್ರಶ್ನೆ ಮಕ್ಕಳಿಂದಲೇ ಬರಬೇಕು.

ಈಗ ಹಿಂದಕ್ಕೆ ಲೆಕ್ಕ ಮಾಡಿಸಿ. ಗುಂಡಿನ ರಾಶಿ ಸುಮಾರು 4 ಗ್ರಾಂ, ಅಂದರೆ 0.004 ಕಿ.ಗ್ರಾಂ. (ಇಲ್ಲಿ ಗ್ರಾಂ ಅನ್ನೇ ಹಾಗೇ ಬಳಸುವವರು ಹಲವರಿರುತ್ತಾರೆ, ಸಾಲುಗಳ ನಡುವೆ ಒಮ್ಮೆ ತಿರುಗಾಡಿ ಬನ್ನಿ.) ಚಲನಶಕ್ತಿ ರೈಫಲ್ಲಿನಲ್ಲಿ 1620 ಜೂಲ್, ಮಷಿನ್‌ಗನ್ನಿನಲ್ಲಿ 1711 ಜೂಲ್. ಮೊದಲ 464 ಮಿ.ಮೀ.ನಲ್ಲಿ ಸರಾಸರಿ ಬಲ ಸುಮಾರು 3490 ನ್ಯೂಟನ್. ಹೆಚ್ಚುವರಿ 71 ಮಿ.ಮೀ.ನಲ್ಲಿ ಸುಮಾರು 1280 ಮಾತ್ರ. ಬಲ ಮೂರನೇ ಒಂದರ ಹತ್ತಿರಕ್ಕೆ ಇಳಿದಿದೆ. ಕಾಡತೂಸು ಕೂರುವ ಜಾಗವೂ ನಳಿಗೆಯ ಉದ್ದದಲ್ಲೇ ಸೇರಿದ್ದರಿಂದ ಇವು ಒರಟು ಅಂಕಿಗಳು. ಆದರೂ ದಿಕ್ಕು ಸ್ಪಷ್ಟ.

ಕಾರಣವನ್ನು ಪೈಪಿನೊಂದಿಗೆ ಹೋಲಿಸಿ ಹೇಳಬೇಕು. ಊದುವವನು ಹೊಸ ಗಾಳಿಯನ್ನು ತುಂಬುತ್ತಲೇ ಇರುತ್ತಾನೆ. ಕಾಡತೂಸಿನ ಮದ್ದು ಉರಿದು ಮುಗಿದ ಮೇಲೆ ಹೊಸ ಅನಿಲವಿಲ್ಲ. ಗುಂಡು ಮುಂದೆ ಸರಿದಂತೆ ಅದೇ ಅನಿಲ ಹೆಚ್ಚು ಜಾಗಕ್ಕೆ ಹರಡುತ್ತದೆ, ತಣಿಯುತ್ತದೆ, ಒತ್ತಡ ಕುಸಿಯುತ್ತದೆ. ನಳಿಗೆಯ ಘರ್ಷಣೆ ಮಾತ್ರ ಬಿಡುವುದಿಲ್ಲ.

ಎನ್.ಸಿ.ಸಿ. ಕೆಡೆಟ್‌ಗಳು ಗುರಿಯ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್ಲಿನಲ್ಲಿ ಇದು ಇನ್ನೂ ಸ್ಪಷ್ಟ. ಅದರ ಕಾಡತೂಸಿನಲ್ಲಿ ಮದ್ದು ತೀರಾ ಕಡಿಮೆ. ಸುಮಾರು 16ರಿಂದ 20 ಇಂಚಿನೊಳಗೆ ವೇಗ ತನ್ನ ಗರಿಷ್ಠಕ್ಕೆ ಬಂದು, ಆಮೇಲೆ ನಳಿಗೆ ಉದ್ದವಾದರೆ ಏರುವುದಿಲ್ಲ, ಕೆಲವೊಮ್ಮೆ ಇಳಿಯುತ್ತದೆ. ಬೆಳೆ ಕೆಡಿಸುವ ಸಣ್ಣ ಪ್ರಾಣಿಗಳಿಗೆಂದು ಅಮೆರಿಕದಲ್ಲಿ ಬಳಸುವ ರೈಫಲ್‌ಗಳ ನಳಿಗೆಯ ಬಾಯಿಯೂ ಹೆಚ್ಚುಕಡಿಮೆ ಇಷ್ಟೇ ಅಗಲ. ಆದರೆ ಮದ್ದು ಹಲವು ಪಟ್ಟು ಹೆಚ್ಚಿರುವುದರಿಂದ 24–26 ಇಂಚಿನ ನಳಿಗೆಯೂ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಅನಿಲವೆಷ್ಟು ಎಂದು ಕೇಳದೆ ಉದ್ದವೆಷ್ಟು ಎಂದು ಹೇಳಲಾಗದು.

ಈ ಹಂತದಲ್ಲಿ "ಹೊಲಕ್ಕ ಬರೋ ಹಂದಿಗೆ, ಚಿಗರಿಗೆ ಎಷ್ಟು ಉದ್ದದ್ದು ಬೇಕ್ರೀ?" ಎಂದು ಒಬ್ಬನಾದರೂ ಕೇಳುತ್ತಾನೆ. ಗದರಿಸಿ ಕೂಡಿಸಬೇಡಿ, ಮನೆಯಲ್ಲಿ ಬೆಳೆ ಹಾಳಾದದ್ದನ್ನು ಕಂಡು ಕೇಳಿದ ಪ್ರಶ್ನೆಯದು. ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕೆಂದೂ, ಚಿಗರಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆಯೆಂದೂ ಹೇಳಿ. ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು ಎಂಬುದನ್ನೂ ಸೇರಿಸಿ. ಎರಡು ನಿಮಿಷ ಸಾಕು.

ಮೌಲ್ಯಮಾಪನಕ್ಕೆ ವಿಜಯಪುರದ ಎರಡು ಫಿರಂಗಿಗಳನ್ನು ಕೊಡಬಹುದು. ಮಲಿಕ್-ಎ-ಮೈದಾನದ ಉದ್ದ 14 ಅಡಿ 4 ಇಂಚು, ಬಾಯಿ 2 ಅಡಿ 4 ಇಂಚು. ಉಪ್ಪಲಿ ಬುರುಜಿನ ದೊಡ್ಡ ಫಿರಂಗಿ 30 ಅಡಿ 8 ಇಂಚು ಉದ್ದ, ಬಾಯಿ 12 ಇಂಚು. ಬಾಯಿಯ ಅಗಲಕ್ಕೆ ಉದ್ದ ಎಷ್ಟು ಪಟ್ಟು ಎಂದು ಲೆಕ್ಕ ಮಾಡಿ (ಸುಮಾರು 6 ಮತ್ತು 30 ಬರಬೇಕು), ಯಾವುದರ ಗುಂಡು ಹೆಚ್ಚು ವೇಗದಲ್ಲಿ ಹೋದೀತು ಎಂದು ಬರೆಯಲಿ. "ಉದ್ದನೆಯದು" ಎಂದಷ್ಟೇ ಬರೆದವರಿಗೆ ಅರ್ಧ ಅಂಕ. ಮದ್ದು ಎಷ್ಟು, ಗುಂಡಿನ ರಾಶಿ ಎಷ್ಟು ಎಂದು ತಿರುಗಿ ಕೇಳಿದವರಿಗೆ ಪೂರ್ಣ ಅಂಕ.