ಸಾಕ್ಷಿ ಹೇಳಿದವಳ ಕೆಲಸ ಉಳಿಯಬೇಕು

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಬಹಳ ಕಾಲದಿಂದ ಕೂರುತ್ತಿದ್ದೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯೆಲ್ಲ ಇಂಥ ಸಮಿತಿ ಇರಲೇಬೇಕು. ದೂರು ಕೊಟ್ಟವಳ ಬಗ್ಗೆ ಈ ಕಾಯ್ದೆ ಒಂದಿಷ್ಟಾದರೂ ಯೋಚಿಸಿದೆ. ಅವಳ ಪರವಾಗಿ ಬಾಯಿಬಿಡುವವರ ಗತಿ ಏನೆಂದು ಯೋಚಿಸಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ.

ಒಬ್ಬ ಟೈಲರ್ ಹುಡುಗಿಯ ದೂರು ಬಂದಿತ್ತು. ಪೀಸ್ ನೋಡುವ ನೆಪದಲ್ಲಿ ಸೂಪರ್‌ವೈಸರ್ ಮೈಮೇಲೆ ಬೀಳುತ್ತಾನೆ, ಎದುರು ಮಾತಾಡಿದರೆ ಟಾರ್ಗೆಟ್ ಏರಿಸುತ್ತಾನೆ ಎಂದು ಬರೆದಿದ್ದಳು. ಅದೇ ಲೈನಿನ ಇಬ್ಬರು ಕಣ್ಣಾರೆ ಕಂಡಿದ್ದರು. ವಿಚಾರಣೆಗೆ ಬಂದಾಗ ಮಾತ್ರ, “ತಲೆ ಬಗ್ಗಿಸಿ ಹೊಲೀತಿದ್ವಿ ಮೇಡಂ, ಏನೂ ನೋಡಿಲ್ಲ” ಅಂದರು. ಆಮೇಲೆ ಅವರಲ್ಲೊಬ್ಬಳು ಗೇಟಿನ ಹೊರಗೆ ನನ್ನನ್ನು ತಡೆದು ನಿಜ ಹೇಳಿದಳು. ಆ ಸೂಪರ್‌ವೈಸರ್ ಕಡೆಯವರು ಅವಳ ಮನೆ ಬಾಗಿಲಿಗೇ ಬಂದು ಹೋಗಿದ್ದರಂತೆ.

ವಿಳಾಸ ಅವನಿಗೆ ಸಿಕ್ಕಿದ್ದು ನಿಯಮದಿಂದಲೇ. ಕಾಯ್ದೆಯಡಿ ರೂಪಿಸಿದ 2013ರ ನಿಯಮ 7 ಓದಿ ನೋಡಿ. ದೂರಿನ ಪ್ರತಿಗಳ ಜೊತೆ ಸಾಕ್ಷಿಗಳ ಹೆಸರು, ವಿಳಾಸ ಕೊಡಬೇಕು. ಸಮಿತಿ ಆ ಪ್ರತಿಗಳಲ್ಲಿ ಒಂದನ್ನು 7 ಕೆಲಸದ ದಿನಗಳೊಳಗೆ ಆರೋಪಿಗೆ ಕಳಿಸಬೇಕು. ತನ್ನ ಮೇಲೆ ಯಾರು ಏನು ಹೇಳಿದ್ದಾರೆಂದು ತಿಳಿಯುವ ಹಕ್ಕು ಆರೋಪಿಗೆ ಇದೆ, ಇರಲೇಬೇಕು. ಆದರೆ ಸಾಕ್ಷಿಯ ಮನೆ ಯಾವ ಬೀದಿಯಲ್ಲಿದೆ ಎಂಬುದು ಅವನಿಗೆ ಯಾಕೆ ಬೇಕು?

ಆ ಪ್ರಕರಣದಲ್ಲಿ ಆರೋಪ ಸಾಬೀತಾಗಲಿಲ್ಲ. ಸುಳ್ಳು ದೂರೆಂದು ಹುಡುಗಿಯ ಮೇಲೆಯೇ ಕ್ರಮವಾಗಲಿ ಎಂಬ ಒತ್ತಡ ಬಂದಾಗ, ಸಾಬೀತುಮಾಡಲು ಆಗಲಿಲ್ಲವೆಂಬ ಮಾತ್ರಕ್ಕೆ ದೂರು ದುರುದ್ದೇಶದ್ದಾಗುವುದಿಲ್ಲ ಎಂದು ಹೇಳುವ 14ನೇ ಸೆಕ್ಷನ್ ಅವಳ ಕೈ ಹಿಡಿಯಿತು. ಕೆಲಸ ಉಳಿಯಿತು. ಅದೇ ಲೈನಿನಲ್ಲಿ, ಅದೇ ಸೂಪರ್‌ವೈಸರ್ ಕೈಕೆಳಗೆ.

ಇನ್ನೊಂದು ಕಡೆ ಹೆಲ್ಪರ್ ಹೆಂಗಸೊಬ್ಬಳು ಅಂಜದೆ ಸಾಕ್ಷಿ ಹೇಳಿದಳು. ತಪ್ಪಿತಸ್ಥನಿಗೆ ಶಿಕ್ಷೆಯೂ ಆಯಿತು. ಕೆಲವೇ ತಿಂಗಳಲ್ಲಿ ಅವಳ ಗುತ್ತಿಗೆ ಮುಗಿಯಿತೆಂದು ಮನೆಗೆ ಕಳಿಸಿದರು. ಕಾರಣ ಕೇಳಿದರೆ ಆರ್ಡರ್ ಕಡಿಮೆಯಾಗಿದೆ ಎಂಬ ಉತ್ತರ. ಸಮಿತಿಗೆ ಸಾಕ್ಷಿಯನ್ನು ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಟ್ಟು ಕರೆಸುವ ಅಧಿಕಾರವಿದೆ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ಅಧಿಕಾರವಿದೆ. ಹೇಳಿದ ಮೇಲೆ ಅವಳನ್ನು ಕಾಪಾಡುವ ಅಧಿಕಾರ ಇಲ್ಲ. ವರ್ಗಾವಣೆ, ರಜೆಯಂಥ ಮಧ್ಯಂತರ ಪರಿಹಾರಗಳೂ ದೂರುದಾರಳಿಗಷ್ಟೇ, ಅದೂ ವಿಚಾರಣೆ ನಡೆಯುವಷ್ಟು ದಿನ ಮಾತ್ರ. ಆ ಹೆಲ್ಪರ್‌ನ ಮುಖ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸಾಕ್ಷಿಗಳಿಗೆ ರಕ್ಷಣೆ ಬೇಕೆಂಬುದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಅತ್ಯಾಚಾರ ನಡೆಯಿತು. ಅದರ ಬೆನ್ನಿಗೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಬಂದ 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತೆಯರ ಜೊತೆಗೆ ಸಾಕ್ಷಿಗಳಿಗೂ ತೊಂದರೆ, ತಾರತಮ್ಯ ಆಗದಂತೆ ನೋಡಿಕೊಳ್ಳಬೇಕೆಂದು ಮಾಲೀಕರಿಗೆ ಹೇಳಿತ್ತು. 16 ವರ್ಷಗಳ ನಂತರ ಬಂದ ಕಾಯ್ದೆ ಆ ಮಾತನ್ನು ಕೈಬಿಟ್ಟಿತು. ಕ್ರಿಮಿನಲ್ ಪ್ರಕರಣಗಳಲ್ಲಾದರೆ ಪ್ರತಿ ರಾಜ್ಯವೂ ಸಾಕ್ಷಿ ರಕ್ಷಣಾ ಯೋಜನೆ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಹೇಳುತ್ತದೆ. ಆಂತರಿಕ ಸಮಿತಿಯ ಮುಂದೆ ನಿಲ್ಲುವ ಕೂಲಿ ಹೆಂಗಸಿಗೆ ಅಂಥದ್ದೇನೂ ಇಲ್ಲ.

ಸಾಕ್ಷಿಯ ವಿಳಾಸ ಆರೋಪಿಯ ಕೈಸೇರದಂತೆ ನಿಯಮ 7 ಬದಲಾಗಬೇಕು. ದೂರುದಾರಳನ್ನಾಗಲಿ ಸಾಕ್ಷಿಯನ್ನಾಗಲಿ ಒಂದು ವರ್ಷದೊಳಗೆ ಕೆಲಸದಿಂದ ತೆಗೆದರೆ, ಬಡ್ತಿ ತಡೆದರೆ, ಗುತ್ತಿಗೆ ನಿಲ್ಲಿಸಿದರೆ ಅದು ಸೇಡಿನ ಕ್ರಮವಲ್ಲವೆಂದು ತೋರಿಸುವ ಹೊರೆ ಮಾಲೀಕರದಾಗಬೇಕು. ಅಂಥ ದೂರನ್ನು ಕೇಳುವ ಅಧಿಕಾರವನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು, ಏಕೆಂದರೆ ಮಾಲೀಕರೇ ನೇಮಿಸಿದ ಆಂತರಿಕ ಸಮಿತಿಯಿಂದ ಇದು ಆಗದ ಮಾತು.

ತಿದ್ದುಪಡಿ ಬರುವವರೆಗೆ, ನೀವು ಇಂಥ ಸಮಿತಿಯಲ್ಲಿದ್ದರೆ ಒಂದು ಕೆಲಸ ಮಾಡಿ. ವರದಿಯ ಶಿಫಾರಸುಗಳಲ್ಲಿ ಸಾಕ್ಷಿಗಳ ಕೆಲಸಕ್ಕೆ ಧಕ್ಕೆ ಬರಬಾರದೆಂದು ಸ್ಪಷ್ಟವಾಗಿ ಬರೆಸಿ, ಆರು ತಿಂಗಳ ಮೇಲೆ ಹೋಗಿ ಅವರು ಅಲ್ಲೇ ಇದ್ದಾರೆಯೇ ಎಂದು ವಿಚಾರಿಸಿ.